ತಲೆದಿಂಬಿನ ಎತ್ತರ

ಹಸಿವು ರುಚಿಯನ್ನರಿಯದು, ನಿದ್ರೆ ಸುಖವನ್ನರಿಯದು ಎಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಗಾದೆ. ಹಗಲೆಲ್ಲ ನೇಗಿಲು ಹಿಡಿದು ದುಡಿದವನು ಜಗಲಿಯ ಮೇಲೆ ತೋಳನ್ನೇ ತಲೆಗಿಟ್ಟು ಮಲಗಿದರೂ ಗಾಢವಾಗಿ ನಿದ್ರಿಸುತ್ತಾನೆ. ಗಾದೆಯಲ್ಲಿ ಸತ್ಯವುಂಟು. ಆದರೆ ನಿದ್ರೆ ಬರುವುದು ಒಂದು ಮಾತು, ನಿದ್ರೆಯಿಂದ ಎದ್ದಾಗ ಮೈ ಹಗುರವಾಗಿರುವುದು ಇನ್ನೊಂದು ಮಾತು. ರಾತ್ರಿಯೆಲ್ಲ ಚೆನ್ನಾಗಿ ಮಲಗಿದ್ದೆವೆಂದು ಭಾವಿಸಿ, ಬೆಳಗಾದ ಮೇಲೆ ಕತ್ತು ಹಿಡಿದುಕೊಂಡು, ಯಾರಾದರೂ ಕರೆದರೆ ತಲೆಯನ್ನು ತಿರುಗಿಸಲಾರದೆ ಮೈಯನ್ನೇ ತಿರುಗಿಸಿ ನೋಡುವವರನ್ನು ನಾವು ದಿನವೂ ಕಾಣುತ್ತೇವೆ. ಅಂಥವರು ಗಾಳಿಯನ್ನೋ, ತಣ್ಣೀರಿನ ಸ್ನಾನವನ್ನೋ, ವಯಸ್ಸನ್ನೋ ದೂರುವುದುಂಟು. ತಲೆಯ ಕೆಳಗಿದ್ದ ದಿಂಬನ್ನು ದೂರುವವರು ಕಡಮೆ.

ದಿಂಬು ಎಷ್ಟು ಎತ್ತರವಿರಬೇಕು? ಈ ಪ್ರಶ್ನೆಗೆ ಅಂಗಡಿಯವರು ಒಂದು ಉತ್ತರವನ್ನು ಕೊಡುತ್ತಾರೆ, ಮನೆಯ ಹಿರಿಯರು ಒಂದು ಉತ್ತರವನ್ನು ಕೊಡುತ್ತಾರೆ, ದಿಂಬೇ ಬೇಡವೆನ್ನುವವರೂ ಇದ್ದಾರೆ. ಇವರೆಲ್ಲರೂ ದಿಂಬನ್ನು ಮಾತ್ರ ನೋಡಿ ಮಾತನಾಡುತ್ತಾರೆಂಬುದು ನಮ್ಮ ಅಭಿಪ್ರಾಯ. ದಿಂಬಿಗೆ ತನ್ನದೇ ಆದ ಸರಿಯಾದ ಎತ್ತರವೆಂಬುದಿಲ್ಲ. ಮಲಗಿದವನ ತಲೆಗೂ ಹಾಸಿಗೆಗೂ ನಡುವೆ ಉಳಿಯುವ ತೆರಪನ್ನು ತುಂಬುವುದೇ ದಿಂಬಿನ ಕೆಲಸ. ಆ ತೆರಪು ಮಲಗುವವನ ಮೈಕಟ್ಟು, ಅವನು ಮಲಗುವ ಭಂಗಿ, ಅವನ ಕೆಳಗಿನ ಹಾಸಿಗೆ, ಈ ಮೂರನ್ನು ಅನುಸರಿಸಿ ಹೆಚ್ಚು ಕಡಮೆಯಾಗುತ್ತದೆ.

ಮಹಾಭಾರತವನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಶರಶಯ್ಯೆಯಲ್ಲಿ ಬಿದ್ದಿದ್ದ ಭೀಷ್ಮನ ತಲೆ ಆಧಾರವಿಲ್ಲದೆ ಜೋಲುತ್ತಿತ್ತು. ಅವನು ದಿಂಬನ್ನು ಬೇಡಿದಾಗ ರಾಜರು ಓಡಿಹೋಗಿ ಬೆಲೆಬಾಳುವ ಮೃದುವಾದ ದಿಂಬುಗಳನ್ನು ತಂದರು. ಅವು ಈ ಶಯ್ಯೆಗೆ ತಕ್ಕವಲ್ಲವೆಂದು ಪಿತಾಮಹನು ನಿರಾಕರಿಸಿ ಅರ್ಜುನನ ಕಡೆಗೆ ನೋಡಿದನು. ಅರ್ಜುನನು ಮೂರು ಬಾಣಗಳನ್ನು ನೆಟ್ಟು ತಲೆಯನ್ನು ಎತ್ತಿ ನಿಲ್ಲಿಸಿದನು. ಕಥೆಯಲ್ಲಿ ಅದು ವೀರಧರ್ಮದ ಮಾತು. ನಮ್ಮ ಇಂದಿನ ವಿಷಯಕ್ಕೂ ಅದು ಒಪ್ಪುತ್ತದೆ. ಬೆಲೆಬಾಳುವ ದಿಂಬು ಬೇರೆ, ಹಾಸಿಗೆಗೆ ತಕ್ಕ ದಿಂಬು ಬೇರೆ.

ಈ ವಿಚಾರವನ್ನು ಒಂದು ಮನೆಗೆ ಅನ್ವಯಿಸಿ ನೋಡೋಣ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವೆ ಹೊಸಹಳ್ಳಿಯುಂಟು. ಹೆಸರಿನಲ್ಲಿ ಇನ್ನೂ ಹಳ್ಳಿಯಾಗಿಯೇ ಉಳಿದಿರುವ ಈ ಸ್ಥಳವನ್ನು ವಿಜಯನಗರದ ಬಡಾವಣೆಗಳು ಸುತ್ತುವರಿದಿವೆ. 2015ರ ನವೆಂಬರಿನಲ್ಲಿ ಮೆಟ್ರೋ ರೈಲೂ ಇಲ್ಲಿಗೆ ಬಂದಿತು. ಇಂಥ ಊರಿನಲ್ಲಿ ಹಳೆಯ ಬಾಳೂ ಹೊಸ ಬಾಳೂ ಒಂದೇ ಸೂರಿನಡಿ ನಡೆಯುವುದು ಸಹಜ. ನಾಲ್ವರಿರುವ ಒಂದು ಮನೆಯನ್ನು ಎಣಿಸಿಕೊಳ್ಳೋಣ. ಅಜ್ಜಿಗೆ ನೆಲದ ಮೇಲಿನ ಚಾಪೆಯೇ ಆಗಬೇಕು. ಮಗನು ಮಂಚದ ಮೇಲೆ ತೆಂಗಿನ ನಾರಿನ ಗಟ್ಟಿ ಹಾಸಿಗೆಯಲ್ಲಿ ಮಲಗುತ್ತಾನೆ. ಮೈಸೂರು ರಸ್ತೆಯ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕತ್ತು ಬಗ್ಗಿಸಿ ದುಡಿದು ಬರುವ ಸೊಸೆಗೆ ಹತ್ತಿಯ ಹಾಸಿಗೆ. ಕಾಲೇಜಿಗೆ ಹೋಗುವ ಮೊಮ್ಮಗಳಿಗೆ ಮೆತ್ತನೆಯ ಸ್ಪಂಜಿನ ಹಾಸಿಗೆ. ಹಬ್ಬಕ್ಕೆಂದು ಒಂದೇ ಅಂಗಡಿಯಿಂದ ಒಂದೇ ಎತ್ತರದ ನಾಲ್ಕು ದಿಂಬುಗಳನ್ನು ತಂದರೆ, ಅವುಗಳಲ್ಲಿ ಯಾರಿಗಾದರೂ ಒಪ್ಪುವುದು ಒಂದೋ ಎರಡೋ ಆಗಬಹುದು. ಏಕೆಂಬುದನ್ನು ಅರಿಯಬೇಕಾದರೆ ಮೊದಲು ಕತ್ತಿನ ರಚನೆಯನ್ನು ನೋಡಬೇಕು.

ವಯಸ್ಕರ ತಲೆಯ ಭಾರ ಸುಮಾರು 4ರಿಂದ 5 ಕಿಲೋಗ್ರಾಂ. ಈ ಭಾರವನ್ನು ಹೊತ್ತಿರುವ ಕತ್ತಿನಲ್ಲಿ 7 ಎಲುಬಿನ ಮಣಿಗಳಿವೆ. ಅವು ಕಂಬದಂತೆ ನೆಟ್ಟಗೆ ನಿಂತಿಲ್ಲ; ಮುಂದಕ್ಕೆ ಕೊಂಚ ಬಾಗಿದ ಕಮಾನಿನಂತೆ ಒಂದರ ಮೇಲೊಂದು ಕುಳಿತಿವೆ. ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳೂ, ಹಿಂಬದಿಯಲ್ಲಿ ಸಣ್ಣ ಕೀಲುಗಳೂ, ಪಕ್ಕದ ಕಿಂಡಿಗಳಲ್ಲಿ ತೋಳಿಗೆ ಇಳಿಯುವ ನರಗಳೂ ಇವೆ. ಎಚ್ಚರವಿರುವಾಗ ಕತ್ತಿಗೆ ಒಂದು ಭಂಗಿ ನೋವು ತಂದರೆ ನಾವು ತಿಳಿಯದೆಯೇ ಅದನ್ನು ಬದಲಾಯಿಸುತ್ತೇವೆ. ನಿದ್ರೆಯಲ್ಲಿ ಸ್ನಾಯುಗಳು ಸಡಿಲಗೊಳ್ಳುತ್ತವೆ, ಕಾವಲುಗಾರನು ಮಲಗಿದಂತಾಗುತ್ತದೆ. ಆಗ ದಿಂಬು ಅತಿಯಾಗಿ ಎತ್ತರವಿದ್ದರೆ ಕತ್ತು ಒಂದು ಕಡೆಗೂ, ಅತಿಯಾಗಿ ತಗ್ಗಿದ್ದರೆ ಇನ್ನೊಂದು ಕಡೆಗೂ ಗಂಟೆಗಟ್ಟಲೆ ಬಾಗಿಕೊಂಡಿರುತ್ತದೆ. ಹಗಲಿನಲ್ಲಿ ನಾವು ಯಾರೂ ಅಷ್ಟು ಹೊತ್ತು ತಲೆಯನ್ನು ಓರೆಮಾಡಿಕೊಂಡು ಕುಳಿತಿರಲಾರೆವು. ಬೆಳಗಿನ ಬಿಗಿತಕ್ಕೆ ಕಾರಣ ಅನೇಕರಲ್ಲಿ ಇಷ್ಟೆ. ನಿಂತಾಗ ತಲೆಯು ಮೈಯೊಡನೆ ಯಾವ ಸಾಲಿನಲ್ಲಿರುತ್ತದೆಯೋ ಮಲಗಿದಾಗಲೂ ಅದೇ ಸಾಲಿನಲ್ಲಿರುವಂತೆ ನೋಡಿಕೊಳ್ಳುವುದೇ ದಿಂಬಿನ ಎತ್ತರಕ್ಕೆ ಇರುವ ಒಂದೇ ಸೂತ್ರ.

ಪಕ್ಕಕ್ಕೆ ಮಲಗುವವರು ಬಹಳ ಮಂದಿ. ಅವರಿಗೆ ತೆರಪು ಹೆಚ್ಚು, ಏಕೆಂದರೆ ಭುಜವು ಹಾಸಿಗೆಗೂ ತಲೆಗೂ ನಡುವೆ ಮೆಟ್ಟಿಲಿನಂತೆ ನಿಲ್ಲುತ್ತದೆ. ಇದರ ಅಳತೆ ಸುಲಭ. ಗೋಡೆಗೆ ಒಂದು ಭುಜವನ್ನು ತಾಗಿಸಿ, ತಲೆಯನ್ನು ವಾಲಿಸದೆ ನೆಟ್ಟಗೆ ನಿಂತು, ಕಿವಿಯ ಮೇಲ್ಭಾಗದಿಂದ ಗೋಡೆಯವರೆಗೆ ಎಷ್ಟಿದೆಯೆಂಬುದನ್ನು ಮತ್ತೊಬ್ಬರಿಂದ ಅಳೆಯಿಸಬೇಕು. ಲೆಕ್ಕದ ಮೂಲಕವೂ ಅದೇ ಉತ್ತರ ಬರುತ್ತದೆ. ಒಬ್ಬನ ಭುಜಗಳ ಅಗಲ 42 ಸೆಂಟಿಮೀಟರ್, ತಲೆಯ ಅಗಲ 15 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಉಳಿದ 27ರಲ್ಲಿ ಅರ್ಧ, ಎಂದರೆ 13.5 ಸೆಂಟಿಮೀಟರ್ ತೆರಪಾಯಿತು. ಇದು ಕಲ್ಲಿನಂಥ ನೆಲದ ಮೇಲಿನ ಲೆಕ್ಕ. ಮೆತ್ತನೆಯ ಹಾಸಿಗೆಯಲ್ಲಿ ಭುಜವು ತಲೆಗಿಂತ 4 ಸೆಂಟಿಮೀಟರ್ ಹೆಚ್ಚಾಗಿ ಇಳಿದರೆ ಅದೇ ಮನುಷ್ಯನಿಗೆ 9.5 ಸೆಂಟಿಮೀಟರ್ ಸಾಕಾಗುತ್ತದೆ. ಮನುಷ್ಯನು ಅವನೇ, ಭಂಗಿಯೂ ಅದೇ. ಹಾಸಿಗೆ ಬದಲಾದುದರಿಂದ ದಿಂಬು ಬದಲಾಗಬೇಕಾಯಿತು. ಹೊಸ ಸ್ಪಂಜಿನ ಹಾಸಿಗೆಯನ್ನು ತಂದ ಮೇಲೆ ಕತ್ತು ನೋವು ಬಂದಿತೆಂದು ಹಾಸಿಗೆಯನ್ನು ಹಳಿಯುವವರು, ಹಳೆಯ ದಿಂಬನ್ನೇ ಅದರ ಮೇಲೆ ಇಟ್ಟುಕೊಂಡಿಲ್ಲವೆ ಎಂಬುದನ್ನು ಒಮ್ಮೆ ನೋಡಿಕೊಳ್ಳಬೇಕು.

ಅಂಗಾತ ಮಲಗುವವರಿಗೆ ತೆರಪು ಬಹಳ ಕಡಮೆ. ಅವರು ಗೋಡೆಗೆ ಬೆನ್ನನ್ನೂ ಹಿಮ್ಮಡಿಯನ್ನೂ ತಾಗಿಸಿ ಎದುರಿಗೆ ನೋಡುತ್ತ ನಿಂತು, ತಲೆಯ ಹಿಂಬದಿಗೂ ಗೋಡೆಗೂ ಇರುವ ದೂರವನ್ನು ಅಳೆಯಿಸಬೇಕು. ನೆಟ್ಟಗಿನ ಬೆನ್ನುಳ್ಳ ಯುವಕರಲ್ಲಿ ಇದು ಎರಡು ಮೂರು ಬೆರಳಿನಗಲವನ್ನು ಮೀರುವುದು ಅಪರೂಪ; ಕೆಲವರ ತಲೆ ಗೋಡೆಗೇ ತಾಗುತ್ತದೆ. ಆದರೆ ತಲೆಯ ಕೆಳಗೆ, ಕತ್ತಿನ ಹಿಂದೆ, ಒಂದು ಗುಳಿಯುಂಟು. ತಗ್ಗಾದ ದಿಂಬು ತಲೆಯನ್ನು ಹಿಡಿದರೂ ಈ ಗುಳಿಯನ್ನು ಬರಿದಾಗಿ ಬಿಡಬಹುದು. ಸಣ್ಣ ಟವೆಲನ್ನು ಸುರುಳಿ ಸುತ್ತಿ ದಿಂಬಿನ ಗವುಸಿನೊಳಗೆ ಕತ್ತಿನ ಕಡೆಯ ಅಂಚಿಗೆ ಸೇರಿಸಿದರೆ ಈ ಕೊರತೆ ನೀಗುತ್ತದೆ.

ವೃದ್ಧರ ವಿಷಯದಲ್ಲಿ ಇಲ್ಲೊಂದು ಎಚ್ಚರಿಕೆ ಅಗತ್ಯ. ವಯಸ್ಸಾದಂತೆ ಅನೇಕರ ಬೆನ್ನಿನ ಮೇಲ್ಭಾಗ ಬಾಗುತ್ತದೆ. ಅಂಥವರು ಗೋಡೆಗೆ ಬೆನ್ನಿಟ್ಟು ನಿಂತರೆ ತಲೆಯು ಗೋಡೆಯಿಂದ ಬಹಳ ಮುಂದೆ ನಿಲ್ಲುತ್ತದೆ. ವೈದ್ಯರು ಬೆನ್ನಿನ ಬಾಗನ್ನು ತಿಳಿಯಲು ಈ ದೂರವನ್ನೇ ಅಳೆಯುವುದುಂಟು. ದಿಂಬಿಲ್ಲದೆ ಮಲಗುವುದು ಆರೋಗ್ಯವೆಂದು ಎಲ್ಲಿಯೋ ಕೇಳಿದ ಮೊಮ್ಮಕ್ಕಳು ಪ್ರೀತಿಯಿಂದಲೇ ಅಜ್ಜಿಯ ದಿಂಬನ್ನು ಕಿತ್ತುಕೊಂಡರೆ, ಆಕೆಯ ತಲೆ ಹಿಂದಕ್ಕೆ ಜೋತುಬಿದ್ದು ಗಲ್ಲ ಮೇಲಕ್ಕೆತ್ತಿ ರಾತ್ರಿಯೆಲ್ಲ ಕತ್ತು ಹಿಂದಕ್ಕೆ ಬಾಗಿರುತ್ತದೆ. ನಾವು ಎಣಿಸಿಕೊಂಡ ಮನೆಯಲ್ಲಿ ಚಾಪೆಯ ಮೇಲೆ ಮಲಗುವ ಅಜ್ಜಿಗೇ ಎಲ್ಲರಿಗಿಂತ ಎತ್ತರದ ದಿಂಬು ಬೇಕಾಗುವ ಸಂಭವ ಹೆಚ್ಚು. ಮೊಮ್ಮಗಳಿಗೆ ಒಪ್ಪಿದುದು ಅಜ್ಜಿಗೆ ಒಪ್ಪಬೇಕೆಂಬ ನಿಯಮವಿಲ್ಲ.

ಬೋರಲು ಮಲಗುವವರು ಉಸಿರಾಡಲು ಕತ್ತನ್ನು ಒಂದು ಕಡೆಗೆ ಪೂರ್ತಿ ತಿರುಗಿಸಲೇ ಬೇಕು. ಆದುದರಿಂದ ಕತ್ತಿನ ದೃಷ್ಟಿಯಿಂದ ಈ ಭಂಗಿ ಒಳ್ಳೆಯದಲ್ಲ. ಅಭ್ಯಾಸ ಬಿಡದವರು ತೀರ ತೆಳುವಾದ ದಿಂಬನ್ನು ಬಳಸುವುದು, ಅಥವಾ ದಿಂಬನ್ನೇ ಬಿಡುವುದು ಉಚಿತ. ಪಕ್ಕಕ್ಕೆ ತಿರುಗಿ, ಎದೆಗೆ ಒಂದು ದಿಂಬನ್ನು ಅಪ್ಪಿಕೊಂಡು ಮಲಗಿದರೆ ಬೋರಲಾಗುವ ಅಭ್ಯಾಸ ಮೆಲ್ಲಗೆ ತಪ್ಪುವುದುಂಟು.

ಇನ್ನು ದಿಂಬಿನೊಳಗಣ ಪದಾರ್ಥದ ವಿಚಾರ. ಅಂಗಡಿಯಲ್ಲಿ ಕಣ್ಣಿಗೆ ಕಾಣುವ ಎತ್ತರವೇ ಬೇರೆ, ತಲೆಯ ಭಾರ ಬಿದ್ದ ಮೇಲೆ ಉಳಿಯುವ ಎತ್ತರವೇ ಬೇರೆ. ನಮಗೆ ಬೇಕಾದುದು ಎರಡನೆಯದು. ಬೂರುಗದ ಹತ್ತಿ ಹಗುರ ಮತ್ತು ಮೃದು, ಆದರೆ ಬೇಗ ಅಮರಿಹೋಗುತ್ತದೆ. ಸಾಧಾರಣ ಹತ್ತಿಯ ದಿಂಬು ಗಟ್ಟಿ, ಮೊದಮೊದಲು ಎತ್ತರ, ಕೆಲವು ಕಾಲದ ಮೇಲೆ ಗಂಟುಗಂಟಾಗಿ ತಗ್ಗುತ್ತದೆ. ಹಗುರವಾದ ಕೃತಕ ನಾರಿನ ದಿಂಬು ಉಬ್ಬಿ ಕಂಡರೂ ಬಹಳ ಇಳಿಯುತ್ತದೆ. ರಬ್ಬರಿನ ಸ್ಪಂಜು ಕಡಮೆ ಇಳಿಯುತ್ತದೆ. ಮೈಯ ಬಿಸಿಗೆ ಮೆತ್ತಗಾಗಿ ತಲೆಯ ಆಕಾರವನ್ನು ತಾಳುವ ಸ್ಪಂಜು 1966ರಲ್ಲಿ ಅಮೆರಿಕದ ಆಕಾಶಯಾನ ಸಂಸ್ಥೆಯಾದ ನಾಸಾದ ಆಶ್ರಯದಲ್ಲಿ, ವಿಮಾನದ ಆಸನಗಳಿಗಾಗಿ ಹುಟ್ಟಿದುದು. ಈಗ ಅದು ದಿಂಬಿನ ಅಂಗಡಿಗಳಲ್ಲಿ ಎಲ್ಲಕ್ಕಿಂತ ದುಬಾರಿ ಸರಕುಗಳಲ್ಲೊಂದಾಗಿದೆ. ಎತ್ತರ ತಪ್ಪಿದರೆ ಅದೂ ಕತ್ತನ್ನು ನೋಯಿಸುತ್ತದೆ.

ಈ ಸಂದರ್ಭದಲ್ಲಿ ನಮ್ಮ ಹತ್ತಿಯ ದಿಂಬಿನ ಒಂದು ಗುಣವನ್ನು ಹೇಳದಿರಲಾರೆವು. ಪಿಂಜಾರರು, ನದಾಫರು ಎಂದು ಕರೆಯಲ್ಪಡುವ ಕುಶಲಕರ್ಮಿಗಳು ದೊಡ್ಡ ಬಿಲ್ಲಿನ ಹೆದೆಯನ್ನು ಮರದ ಕೊಡತಿಯಿಂದ ಮಿಡಿದು ಹತ್ತಿಯನ್ನು ಹಿಂಜಿ, ಹಾಸಿಗೆ ದಿಂಬುಗಳನ್ನು ತುಂಬಿಕೊಡುತ್ತಿದ್ದರು. ಬಿಲ್ಲಿನ ಸ್ಥಾನಕ್ಕೆ ಬಹುಮಟ್ಟಿಗೆ ಯಂತ್ರ ಬಂದಿದ್ದರೂ ಈ ಕಸುಬು ನಶಿಸಿಲ್ಲ. ಇವರ ಕೈಯ ದಿಂಬನ್ನು ಬಿಚ್ಚಬಹುದು, ಎರಡು ಹಿಡಿ ಹತ್ತಿಯನ್ನು ತೆಗೆಯಬಹುದು, ತಗ್ಗಿಹೋಗಿದ್ದರೆ ಮತ್ತೆ ಹಿಂಜಿಸಿ ತುಂಬಿಸಬಹುದು. ದಿಂಬು ಮನುಷ್ಯನಿಗೆ ತಕ್ಕಂತಾಗಬೇಕೆಂಬ ತತ್ತ್ವಕ್ಕೆ ಇದಕ್ಕಿಂತ ಅಗ್ಗವಾದ, ಸುಲಭವಾದ ಉಪಾಯವಿಲ್ಲ. ದಿಂಬನ್ನು ತುಂಬಿಸುವಾಗ ‘ಚೆನ್ನಾಗಿ ಗಡುಸಾಗಿ ತುಂಬಿ’ ಎಂದು ಹೇಳಿ ಕೊಟ್ಟ ಹಣಕ್ಕೆ ಹೆಚ್ಚು ಹತ್ತಿಯನ್ನು ಪಡೆಯುವುದೇ ಜಾಣತನವೆಂಬ ಭಾವನೆ ನಮ್ಮಲ್ಲಿದೆ. ಆ ಜಾಣತನದ ಬೆಲೆಯನ್ನು ಕತ್ತು ತೆರುತ್ತದೆ.

ದಿಂಬಿನ ಎತ್ತರವನ್ನು ಕತ್ತಿನ ಸುಖಕ್ಕಲ್ಲದೆ ಬೇರೆ ಕಾರಣಗಳಿಗಾಗಿ ನಿರ್ಧರಿಸಿದ ಉದಾಹರಣೆಗಳು ಲೋಕದಲ್ಲಿ ಬೇಕಾದಷ್ಟಿವೆ. 1922ರಲ್ಲಿ ಪತ್ತೆಯಾದ ಈಜಿಪ್ಟಿನ ಟುಟಂಖಾಮನ್ ದೊರೆಯ ಗೋರಿಯಲ್ಲಿ ದಂತದಿಂದಲೂ ಗಾಜಿನಿಂದಲೂ ಮಾಡಿದ ತಲೆಗೊರಗುಗಳು ದೊರೆತವು. ಜಪಾನಿನ ಸ್ತ್ರೀಯರು ಬೆಡಗಿನ ಮುಡಿ ಕೆಡಬಾರದೆಂದು ಮರದ ಸಣ್ಣ ಪೆಟ್ಟಿಗೆಯ ಮೇಲೆ ಕಟ್ಟಿದ ಎತ್ತರದ ದಿಂಬಿಗೆ ಕತ್ತನ್ನಿಟ್ಟು ಮಲಗುತ್ತಿದ್ದರು. ಇಂದು ಮಂಚದ ಅಂದಕ್ಕಾಗಿ ಎರಡೆರಡು ದಿಂಬುಗಳನ್ನು ಪೇರಿಸಿಡುವ ನಾವು ಅವರನ್ನು ನೋಡಿ ನಗುವಂತಿಲ್ಲ. ಅಂದಕ್ಕಿಟ್ಟ ದಿಂಬನ್ನು ರಾತ್ರಿ ಪಕ್ಕಕ್ಕೆ ತೆಗೆದಿಟ್ಟರೆ ಯಾವ ದೋಷವೂ ಇಲ್ಲ.

ಅಳತೆಯಾದ ಮೇಲೆ ಪರೀಕ್ಷೆ. ನಿತ್ಯದ ಹಾಸಿಗೆಯಲ್ಲಿ, ನಿತ್ಯದ ಭಂಗಿಯಲ್ಲಿ ಮಲಗಿ, ಮನೆಯವರಿಂದ ಮೊಬೈಲಿನಲ್ಲಿ ಒಂದು ಚಿತ್ರವನ್ನು ತೆಗೆಯಿಸಿರಿ. ಪಕ್ಕಕ್ಕೆ ಮಲಗಿದ್ದರೆ ಹಣೆ, ಮೂಗು, ಗಲ್ಲ, ಎದೆಯ ನಡುಗೆರೆ ಇವೆಲ್ಲ ಹಾಸಿಗೆಗೆ ಸಮಾನಾಂತರವಾದ ಒಂದೇ ರೇಖೆಯಲ್ಲಿರಬೇಕು. ಅಂಗಾತ ಮಲಗಿದ್ದರೆ ಮುಖ ನೇರವಾಗಿ ಸೂರನ್ನು ನೋಡುತ್ತಿರಬೇಕು. ಗಲ್ಲ ಎದೆಯ ಕಡೆಗೆ ಬಾಗಿದ್ದರೆ ದಿಂಬು ಎತ್ತರ, ಮೇಲಕ್ಕೆ ಎತ್ತಿದ್ದರೆ ದಿಂಬು ತಗ್ಗು. ದಿಂಬು ಕತ್ತಿನ ಕೆಳಗಿರಬೇಕು, ಭುಜ ಹಾಸಿಗೆಯ ಮೇಲಿರಬೇಕು. ಭುಜವನ್ನೂ ದಿಂಬಿನ ಮೇಲೇರಿಸಿಕೊಂಡರೆ ಅಳತೆಯೆಲ್ಲ ವ್ಯರ್ಥ. ಬದಲಾವಣೆಯನ್ನು ಒಮ್ಮೆಲೇ ಮಾಡದೆ, ಮಡಿಸಿದ ಪಂಚೆಯನ್ನೋ ಹಳೆಯ ಸೀರೆಯನ್ನೋ ದಿಂಬಿನ ಕೆಳಗಿಟ್ಟು ಒಂದೊಂದು ಸೆಂಟಿಮೀಟರಿನಷ್ಟು ಹೆಚ್ಚು ಕಡಮೆ ಮಾಡಿ, ಒಂದೆರಡು ವಾರ ನೋಡುವುದು ಮೇಲು. ಪಕ್ಕಕ್ಕೂ ಅಂಗಾತವೂ ಹೊರಳುವವರು ನಡುವಣ ಎತ್ತರವನ್ನು ಆರಿಸಿ, ಬಗ್ಗುವ ಹತ್ತಿಯ ದಿಂಬನ್ನು ಕೈಯಿಂದ ಒತ್ತರಿಸಿಕೊಳ್ಳಬಹುದು.

ಎಲ್ಲ ಕತ್ತುನೋವಿಗೂ ದಿಂಬನ್ನೇ ಹೊಣೆಮಾಡುವುದೂ ನ್ಯಾಯವಲ್ಲ. ಹೊಲಿಗೆ ಯಂತ್ರದ ಮುಂದೆ, ಲೆಕ್ಕದ ಪುಸ್ತಕದ ಮುಂದೆ, ಕೈಯಲ್ಲಿನ ಮೊಬೈಲಿನ ಮುಂದೆ ಕಳೆದ ಹೊತ್ತೂ ಕತ್ತಿನ ಲೆಕ್ಕಕ್ಕೆ ಸೇರುತ್ತದೆ. ತಲೆ ಮುಂದಕ್ಕೆ ಬಾಗಿದಷ್ಟೂ ಕತ್ತಿನ ಸ್ನಾಯುಗಳು ಹೊರಬೇಕಾದ ಭಾರ ಏರುತ್ತದೆ. ಅಮೆರಿಕದ ಶಸ್ತ್ರವೈದ್ಯ ಕೆನೆತ್ ಹಂಸರಾಜ್ ಎಂಬುವರು 2014ರಲ್ಲಿ ಪ್ರಕಟಿಸಿದ ಒಂದು ಗಣನೆಯ ಪ್ರಕಾರ, 60 ಅಂಶ ಬಾಗಿದಾಗ ಆ ಭಾರ ಸುಮಾರು 27 ಕಿಲೋಗ್ರಾಂ. ಇದು ಲೆಕ್ಕದ ಮಾದರಿಯೇ ಹೊರತು ಮೈಯೊಳಗೆ ಅಳೆದುದಲ್ಲ. ಆದರೂ ದಿಕ್ಕನ್ನು ತೋರಿಸುತ್ತದೆ. ಕಾರ್ಖಾನೆಯಿಂದ ಬಂದ ಸೊಸೆಗೆ ಒಳ್ಳೆಯ ದಿಂಬು ವಿಶ್ರಾಂತಿಯನ್ನು ಕೊಡಬಲ್ಲುದು. ಹಗಲಿನ ದುಡಿಮೆಯ ನಡುವೆ ಕತ್ತೆತ್ತಲು ಬಿಡುವನ್ನು ಅದು ಕೊಡಲಾರದು. ಆ ಬಿಡುವು ಆಕೆಗೆ ಬೇರೆಡೆಯಿಂದ ದೊರೆಯಬೇಕು.

ದಿಂಬಿನ ವಿಷಯವು ಸುಖದ ಮಾತನ್ನು ಮೀರಿ ಪ್ರಾಣದ ಮಾತಾಗುವ ಕೆಲವು ಸಂದರ್ಭಗಳುಂಟು. ಇವನ್ನು ಎಲ್ಲರೂ ತಿಳಿದಿರಬೇಕಾದುದು ಅವಶ್ಯ.

ಒಂದನೆಯದು, ಎಳೆಯ ಮಕ್ಕಳದು. ತಲೆ ಗುಂಡಗಾಗಲೆಂದು ಕೂಸಿಗೆ ರಾಗಿಯ ಅಥವಾ ಸಾಸಿವೆಯ ದಿಂಬನ್ನಿಡುವುದು ನಮ್ಮ ಮನೆಗಳಲ್ಲಿ ವಾಡಿಕೆ. ಪ್ರೀತಿಯಿಂದ ಹೊಲಿದ ಈ ದಿಂಬು ಮಗುವಿಗೆ ಬೇಡ. ಒಂದು ವರ್ಷ ತುಂಬುವವರೆಗೆ ಮಗುವನ್ನು ಗಟ್ಟಿಯಾದ ಸಮತಟ್ಟಿನ ಹಾಸಿಗೆಯ ಮೇಲೆ ದಿಂಬಿಲ್ಲದೆ ಅಂಗಾತ ಮಲಗಿಸಬೇಕೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಮೂಗು ಬಾಯಿಗೆ ಮೆತ್ತನೆಯ ವಸ್ತು ಅಡ್ಡವಾದರೆ ಅದನ್ನು ತಳ್ಳುವ ಶಕ್ತಿ ಕೂಸಿಗಿಲ್ಲ. ಮಕ್ಕಳನ್ನು ಅಂಗಾತ ಮಲಗಿಸಬೇಕೆಂಬ ಪ್ರಚಾರ ಅಮೆರಿಕದಲ್ಲಿ 1994ರಲ್ಲಿ ಆರಂಭವಾದ ಮೇಲೆ, ನಿದ್ರೆಯಲ್ಲಿ ಹಠಾತ್ತಾಗಿ ಸಂಭವಿಸುತ್ತಿದ್ದ ಶಿಶುಮರಣ ಅಲ್ಲಿ ಅರ್ಧದಷ್ಟು ಇಳಿಯಿತು. ತಲೆ ಒಂದು ಕಡೆ ಚಪ್ಪಟೆಯಾಗುವುದೆಂಬ ಚಿಂತೆಗೆ ಬೇರೆ ಉಪಾಯವುಂಟು: ಎಚ್ಚರವಿರುವಾಗ ಹಿರಿಯರ ಕಣ್ಣೆದುರಿನಲ್ಲಿ ಕೂಸನ್ನು ಕೆಲ ಹೊತ್ತು ಬೋರಲು ಮಲಗಿಸುವುದು, ಮಲಗುವಾಗ ತಲೆಯ ದಿಕ್ಕನ್ನು ಬದಲಾಯಿಸುತ್ತಿರುವುದು.

ಎರಡನೆಯದು, ಹೃದಯದ್ದು. ಉಸಿರಾಟದ ತೊಂದರೆಯಿಂದ ಬಂದವರನ್ನು ವೈದ್ಯರು ‘ಎಷ್ಟು ದಿಂಬುಗಳನ್ನಿಟ್ಟುಕೊಂಡು ಮಲಗುತ್ತೀರಿ?’ ಎಂದು ಕೇಳುವುದುಂಟು. ಅದು ಕುಶಲಪ್ರಶ್ನೆಯಲ್ಲ. ಇದುವರೆಗೆ ಒಂದು ದಿಂಬಿನಲ್ಲಿ ಮಲಗುತ್ತಿದ್ದವರು, ಚಪ್ಪಟೆಯಾಗಿ ಮಲಗಿದರೆ ಉಸಿರು ಕಟ್ಟುತ್ತದೆಂದು ಎರಡು ಮೂರು ದಿಂಬುಗಳನ್ನು ಕೇಳತೊಡಗಿದರೆ, ಅಥವಾ ನಡುರಾತ್ರಿ ಉಸಿರಿಗಾಗಿ ಎದ್ದು ಕೂರತೊಡಗಿದರೆ, ಅದು ಹೃದಯದ ಶಕ್ತಿ ಕುಂದಿದುದರ ಸೂಚನೆಯಾಗಿರಬಹುದು. ‘ಅಪ್ಪನಿಗೆ ಈಗ ಎತ್ತರದ ದಿಂಬೇ ಇಷ್ಟ’ ಎಂದು ಇನ್ನೊಂದು ದಿಂಬನ್ನು ಕೊಂಡುತಂದು ಸುಮ್ಮನಾಗುವ ಮಕ್ಕಳು ಅವರನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮೂರನೆಯದು, ಎದೆಯುರಿ ಮತ್ತು ಗೊರಕೆ. ರಾತ್ರಿ ಹುಳಿತೇಗು ಬರುವವರು ದಿಂಬುಗಳನ್ನು ಪೇರಿಸಿದರೆ ಸೊಂಟದ ಬಳಿ ಮೈ ಮಡಿಸಿ ಹೊಟ್ಟೆ ಒತ್ತುತ್ತದೆ. ಅದರ ಬದಲು ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ 15ರಿಂದ 20 ಸೆಂಟಿಮೀಟರ್ ಎತ್ತರದ ಭದ್ರವಾದ ಮರದ ತುಂಡುಗಳನ್ನಿಟ್ಟು, ಎಡಮಗ್ಗುಲಿಗೆ ಮಲಗುವುದು ಉತ್ತಮ. ಗೊರಕೆಯುಳ್ಳವರಲ್ಲಿ ಅತಿ ಎತ್ತರದ ದಿಂಬು ಗಲ್ಲವನ್ನು ಎದೆಗೆ ಒತ್ತಿ ಗಂಟಲಿನ ದಾರಿಯನ್ನು ಇನ್ನಷ್ಟು ಕಿರಿದು ಮಾಡಬಲ್ಲುದು. ನಿದ್ರೆಯಲ್ಲಿ ಉಸಿರು ನಿಂತು ನಿಂತು ಬರುವವರೂ, ಹಗಲೆಲ್ಲ ತೂಕಡಿಸುವವರೂ ವೈದ್ಯರನ್ನು ಕಾಣಬೇಕು. ಕತ್ತಿನ ನೋವು ತೋಳಿಗಿಳಿದರೆ, ಕೈ ಜೋಮುಹಿಡಿದು ಹಿಡಿತ ಸಡಿಲವಾದರೆ, ನಡಿಗೆ ತಡವರಿಸಿದರೆ, ಜ್ವರ ಜೊತೆಗೂಡಿದರೆ, ಅಥವಾ ಬಿದ್ದ ಮೇಲೆ ನೋವು ಬಂದಿದ್ದರೆ ದಿಂಬಿನ ಪ್ರಯೋಗಗಳಿಗೆ ಅವಕಾಶವಿಲ್ಲ. ಆಗಲೂ ವೈದ್ಯರೇ ಗತಿ.

ಉಳಿದವರೆಲ್ಲರಿಗೂ ಇದು ಮನೆಯಲ್ಲಿಯೇ ಆಗುವ ಕೆಲಸ. ಬೇಕಾದುದು ಒಂದು ಗೋಡೆ, ಒಂದು ಅಳತೆಪಟ್ಟಿ, ಕೊಂಚ ತಾಳ್ಮೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಕಾಲಿಗೆ ವಿವೇಕವನ್ನು ಕಲಿಸಿದರು. ತಲೆಯ ಕಡೆಗೂ ಅದೇ ವಿವೇಕವನ್ನು ವಿಸ್ತರಿಸಿ, ಮನೆಯ ಒಬ್ಬೊಬ್ಬರ ಭುಜವನ್ನೂ ಬೆನ್ನನ್ನೂ ಹಾಸಿಗೆಯನ್ನೂ ನೋಡಿ ಅವರವರ ದಿಂಬನ್ನು ಗೊತ್ತುಮಾಡಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಈ ರಾತ್ರಿ ಮಲಗುವ ಮುನ್ನ ಮನೆಯ ಹಿರಿಯರ ದಿಂಬಿನಿಂದಲೇ ಆ ಕೆಲಸವನ್ನು ಆರಂಭಿಸುವುದು ಲೇಸು.